ನೆಟ್‌ವರ್ಕ್‌ಗೆ ಬುದ್ಧಿ ಬರಬೇಕಾದರೆ ಮೊದಲು ಪಹಣಿ ಸರಿಯಿರಬೇಕು

ಪ್ರಶ್ನೆ: ಸರ್, ನಾನು ಮಂಡ್ಯದ ಒಂದು ಪದವಿ ಕಾಲೇಜಿನಲ್ಲಿ ಸಿಸ್ಟಂ ಅಡ್ಮಿನ್. ಮೂರು ಕಟ್ಟಡ, ನಾಲ್ಕು ಲ್ಯಾಬ್, 210 ಕಂಪ್ಯೂಟರ್, 90 ಸಿಬ್ಬಂದಿ, 1,600 ವಿದ್ಯಾರ್ಥಿಗಳು. ವೈಫೈಗೆ ಎಲ್ಲರಿಗೂ ಒಂದೇ ಪಾಸ್‌ವರ್ಡ್. ಲ್ಯಾಬ್ ಕಂಪ್ಯೂಟರ್‌ಗಳಲ್ಲಿ ‘ಸ್ಟೂಡೆಂಟ್’ ಅಂತ ಒಂದೇ ಅಕೌಂಟ್. ಯಾರಾದರೂ ಲೆಕ್ಚರರ್ ಕೊಠಡಿ ಬದಲಿಸಿದರೆ ನಾನೇ ಸ್ವಿಚ್ (ಕೇಬಲ್‌ಗಳೆಲ್ಲ ಬಂದು ಸೇರುವ ಪೆಟ್ಟಿಗೆ) ಹತ್ತಿರ ಹೋಗಿ ಪೋರ್ಟಿನ ವಿಲ್ಯಾನ್, ಅಂದರೆ ಆ ಕೇಬಲ್ ನೆಟ್‌ವರ್ಕ್‌ನ ಯಾವ ಪಾಲಿಗೆ ಸೇರಬೇಕು ಅನ್ನುವುದನ್ನು ಬದಲಿಸಬೇಕು. ಈಗ ಆಡಳಿತ ಮಂಡಳಿಯವರು ‘ಇಂಟೆಲಿಜೆಂಟ್ ನೆಟ್‌ವರ್ಕ್’ ಮಾಡಿಸೋಣ ಅಂತ ಕೊಟೇಶನ್ ತರಿಸಿದ್ದಾರೆ. ಮೊದಲು ಡೈರೆಕ್ಟರಿ ಸರ್ವಿಸ್ (ಎಲ್ಲರ ದಾಖಲೆ ಒಂದೇ ಕಡೆ ಇಡುವ ವ್ಯವಸ್ಥೆ) ಹಾಕು ಅಂತ ನನ್ನ ಗೆಳೆಯ ಹೇಳುತ್ತಾನೆ. ನಮ್ಮಂಥ ಸಣ್ಣ ಜಾಗಕ್ಕೆ ಅದು ಬೇಕಾ? ಅದರಿಂದ ನೆಟ್‌ವರ್ಕ್‌ಗೆ ಬುದ್ಧಿ ಬರುವುದು ಹೇಗೆ? ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಗೆಳೆಯ ಹೇಳಿದ್ದು ಸರಿ. ನಿಮ್ಮ ಕಾಲೇಜು ಸಣ್ಣ ಜಾಗವೂ ಅಲ್ಲ. ದಿನಾ ಸುಮಾರು 1,700 ಜನ ಬಂದು ಹೋಗುವ ಊರು ಅದು. ಅಷ್ಟೂ ಜನ ಒಂದೇ ಪಾಸ್‌ವರ್ಡ್ ಹಿಡಿದು ಒಳಗೆ ಬರುತ್ತಾರೆ ಅಂದರೆ ನಿಮ್ಮ ನೆಟ್‌ವರ್ಕ್‌ಗೆ ಗೊತ್ತಿರುವುದು ಒಬ್ಬನೇ ಮನುಷ್ಯ. ಪ್ರಿನ್ಸಿಪಾಲರೂ ಅವನೇ, ಮೊನ್ನೆ ಸೇರಿದ ಮೊದಲ ವರ್ಷದ ಹುಡುಗನೂ ಅವನೇ.

ಕೊಟೇಶನ್ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಈಗ ಸಹಿ ಹಾಕಿಸಬೇಡಿ. ಬೇಡವೇ ಬೇಡ ಅಂತಲ್ಲ, ಈಗ ಬೇಡ. ಎಷ್ಟು ದುಡ್ಡಿನ ಪೆಟ್ಟಿಗೆ ತಂದಿಟ್ಟರೂ ಅದು ಕೇಳುವ ಮೊದಲ ಪ್ರಶ್ನೆ ‘ಇವರು ಯಾರು?’ ಅಂತ. ಉತ್ತರ ಹೇಳುವವರು ಯಾರೂ ಇಲ್ಲದಿದ್ದರೆ ಅದು ನಿಮ್ಮ ಹಳೇ ಸ್ವಿಚ್ ಮಾಡುವಷ್ಟೇ ಕೆಲಸ ಮಾಡುತ್ತದೆ.

ನೀವು ಮಂಡ್ಯದವರು, ನಾಲೆ ನೀರಿನ ಲೆಕ್ಕ ನಿಮಗೆ ಹೇಳಿಕೊಡಬೇಕಿಲ್ಲ. ವಿಶ್ವೇಶ್ವರಯ್ಯ ನಾಲೆಯ ತೂಬಿಗೆ ಏನೂ ಗೊತ್ತಿಲ್ಲ. ಎತ್ತಿದರೆ ನೀರು ಬಿಡುತ್ತೆ, ಇಳಿಸಿದರೆ ನಿಲ್ಲಿಸುತ್ತೆ. ಈ ಸರದಿ ಯಾರದು, ಕಟ್ಟು ನೀರು ಎಷ್ಟು ದಿನ ಅಂತ ಗೊತ್ತಿರುವುದು ನೀರುಗಂಟಿಗೆ. ಯಾವ ಸರ್ವೆ ನಂಬರ್ ಯಾರದು, ಎಷ್ಟು ಗುಂಟೆ ಅಂತ ಮಾತು ಬಂದಾಗ ತೆಗೆದು ನೋಡುವುದು ಪಹಣಿ. ನೆಟ್‌ವರ್ಕ್‌ನಲ್ಲೂ ಇದೇ ಮೂರು ಕೆಲಸ. ಸ್ವಿಚ್ಚಿನ ಪೋರ್ಟು, ವೈಫೈ ಆಕ್ಸೆಸ್ ಪಾಯಿಂಟು ಎರಡೂ ತೂಬು. ಯಾರನ್ನು ಒಳಗೆ ಬಿಡಬೇಕು ಅಂತ ತೀರ್ಮಾನಿಸುವ ರೇಡಿಯಸ್ ಸರ್ವರ್ ಅನ್ನುವುದು ನೀರುಗಂಟಿ. ಡೈರೆಕ್ಟರಿ ಅನ್ನುವುದು ಪಹಣಿ. ಮಾರುವವರು ಬಂದು ತೋರಿಸುವುದು ಯಾವಾಗಲೂ ಹೊಸ ತೂಬನ್ನೇ. ಪಹಣಿ ತಪ್ಪಾಗಿದ್ದರೆ ತೂಬು ಎಷ್ಟು ಚೆನ್ನಾಗಿದ್ದರೂ ನೀರು ತಪ್ಪು ಗದ್ದೆಗೆ ಹೋಗುತ್ತದೆ ಅಲ್ವಾ?

ಡೈರೆಕ್ಟರಿ ಅಂದರೆ ಒಂದು ಮರ. ಬುಡದಲ್ಲಿ ನಿಮ್ಮ ಕಾಲೇಜಿನ ಹೆಸರು. ಅದರ ಕೆಳಗೆ ಜನ, ಕಂಪ್ಯೂಟರ್, ಗುಂಪು ಅಂತ ಕೊಂಬೆಗಳು. ಕೊಂಬೆಯ ಒಂದೊಂದು ಎಲೆಯೂ ಒಂದೊಂದು ದಾಖಲೆ. ದಾಖಲೆಯಲ್ಲಿ ಹೆಸರು, ಲಾಗಿನ್, ಇಮೇಲ್, ಯಾವ ವಿಭಾಗ, ಯಾವ ಗುಂಪು ಇಷ್ಟು ಇರುತ್ತದೆ. ಇದಕ್ಕೂ ಸಾಮಾನ್ಯ ಡೇಟಾಬೇಸಿಗೂ ದೊಡ್ಡ ವ್ಯತ್ಯಾಸ ಒಂದೇ: ಇದನ್ನು ಓದುವುದು ಜಾಸ್ತಿ, ಬರೆಯುವುದು ಕಡಿಮೆ. ಒಬ್ಬ ಹುಡುಗಿ ಕಾಲೇಜಿಗೆ ಸೇರಿದಾಗ ಒಂದು ಸಲ ಬರೆಯುತ್ತೀರಿ. ಮೂರು ವರ್ಷದಲ್ಲಿ ಸಾವಿರಾರು ಸಲ ಓದುತ್ತೀರಿ. ಅದಕ್ಕೇ ಇದರ ಪ್ರತಿಯನ್ನು ಎರಡು ಮೂರು ಸರ್ವರ್‌ಗಳಲ್ಲಿ ಇಟ್ಟು, ಹತ್ತಿರ ಇರುವುದು ಉತ್ತರ ಕೊಡುವ ಹಾಗೆ ಮಾಡಿರುತ್ತಾರೆ. ಈ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇದು ಎಲ್ಲಿಂದ ಬಂತು ಅಂತ ಸ್ವಲ್ಪ ಹೇಳುತ್ತೇನೆ. ಯಾಕೆಂದರೆ ನಿಮ್ಮ ಕೊಟೇಶನ್‌ನಲ್ಲಿರುವ ‘ಇಂಟೆಲಿಜೆಂಟ್’ ಅನ್ನುವ ಪದಕ್ಕೂ ಒಂದು ಚರಿತ್ರೆ ಇದೆ. ನಾನು ಮೈಸೂರಿನಲ್ಲಿ ಕೆಲಸ ಕಲಿಯುವಾಗ ಆಫೀಸುಗಳಲ್ಲಿ ನೋವೆಲ್ ನೆಟ್‌ವೇರ್ 3 ಅನ್ನುವ ಸರ್ವರ್ ಸಾಫ್ಟ್‌ವೇರ್ ಇತ್ತು. ಒಂದೊಂದು ಸರ್ವರ್‌ಗೂ ತನ್ನದೇ ಬಳಕೆದಾರರ ಪುಸ್ತಕ, ಅದಕ್ಕೆ ಬೈಂಡರಿ ಅನ್ನುತ್ತಿದ್ದೆವು. ಮೂರು ಸರ್ವರ್ ಇದ್ದರೆ ಒಬ್ಬ ಗುಮಾಸ್ತನಿಗೆ ಮೂರು ಅಕೌಂಟ್, ಮೂರು ಪಾಸ್‌ವರ್ಡ್. ಅವರು ಕೆಲಸ ಬಿಟ್ಟರೆ ಮೂರು ಕಡೆ ಅಳಿಸಬೇಕು. ಎರಡು ಕಡೆ ಅಳಿಸಿ ಮೂರನೆಯದನ್ನು ಮರೆಯುವುದು ದಿನನಿತ್ಯದ ಮಾತಾಗಿತ್ತು. 1993ರಲ್ಲಿ ನೆಟ್‌ವೇರ್ 4 ಬಂತು. ಅದರಲ್ಲಿ ಇಡೀ ಸಂಸ್ಥೆಗೆ ಒಂದೇ ಮರ. ಒಂದು ಸಲ ಲಾಗಿನ್ ಆದರೆ ಎಲ್ಲ ಸರ್ವರ್‌ಗೂ ಆಯಿತು. ಅದನ್ನು ಮೊದಲ ಸಲ ನೋಡಿದಾಗ ನನಗಾದ ಖುಷಿ ಇವತ್ತಿಗೂ ನೆನಪಿದೆ.

ಆ ಮರದ ಕಲ್ಪನೆ ಅದಕ್ಕಿಂತ ಹಳೆಯದು. ಫೋನ್ ಕಂಪನಿಗಳು ಇಡೀ ಜಗತ್ತಿಗೆ ಒಂದೇ ಟೆಲಿಫೋನ್ ಡೈರೆಕ್ಟರಿ ಮಾಡಬಹುದಾ ಅಂತ ಯೋಚಿಸಿದ್ದರಿಂದ 1988ರಲ್ಲಿ ಎಕ್ಸ್.500 ಅನ್ನುವ ಮಾನಕ ಬಂತು. ಅದು ತುಂಬಾ ಭಾರ. ಆ ಕಾಲದ ಸಾಧಾರಣ ಪಿಸಿ ಅದನ್ನು ಹೊರಲಾರದು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಟಿಮ್ ಹೋವ್ಸ್ ಮತ್ತು ಅವರ ಜೊತೆಯವರು ಅದರ ತೂಕ ಇಳಿಸಿ, ಮಾಮೂಲಿ ಇಂಟರ್‌ನೆಟ್ ಮೇಲೆ ಓಡುವ ಒಂದು ಭಾಷೆ ಮಾಡಿದರು. ಅದೇ ಎಲ್‌ಡ್ಯಾಪ್. 1993ರಲ್ಲಿ ಮೊದಲ ರೂಪ, 1997ರಲ್ಲಿ ಮೂರನೆಯ ಆವೃತ್ತಿ. ನಾವು ಇವತ್ತಿಗೂ ಬಳಸುವುದು ಆ ಮೂರನೆಯದನ್ನೇ. 2000ದ ಫೆಬ್ರವರಿಯಲ್ಲಿ ವಿಂಡೋಸ್ 2000 ಜೊತೆಗೆ ಮೈಕ್ರೋಸಾಫ್ಟಿನ ಆಕ್ಟಿವ್ ಡೈರೆಕ್ಟರಿ ಬಂದ ಮೇಲೆ ಡೈರೆಕ್ಟರಿ ಅನ್ನುವುದು ಎಲ್ಲ ಆಫೀಸಿಗೂ ತಲುಪಿತು.

ನಡುವೆ 1997ರಲ್ಲಿ ಒಂದು ದೊಡ್ಡ ಕನಸು ಹುಟ್ಟಿತು. ಮೈಕ್ರೋಸಾಫ್ಟ್ ಮತ್ತು ನೆಟ್‌ವರ್ಕ್ ಯಂತ್ರ ಮಾಡುವ ಸಿಸ್ಕೊ ಸೇರಿ ‘ಡೈರೆಕ್ಟರಿ ಎನೇಬಲ್ಡ್ ನೆಟ್‌ವರ್ಕ್ಸ್’ ಅಂತ ಒಂದು ಯೋಜನೆ ಪ್ರಕಟಿಸಿದವು. ಸಿಸ್ಕೊದ ಜಾನ್ ಸ್ಟ್ರಾಸ್ನರ್ ಅದರ ಮುಖ್ಯ ತಲೆ. ಡೈರೆಕ್ಟರಿಯಲ್ಲಿ ಜನರ ಹೆಸರು ಮಾತ್ರ ಯಾಕಿರಬೇಕು? ರೂಟರ್, ಸ್ವಿಚ್, ಅವುಗಳ ಸೆಟ್ಟಿಂಗ್, ಯಾರಿಗೆ ಎಷ್ಟು ವೇಗ ಅನ್ನುವ ನಿಯಮ ಎಲ್ಲವೂ ಅಲ್ಲೇ ಇರಲಿ. ‘ಲೆಕ್ಕಪತ್ರ ವಿಭಾಗದವರಿಗೆ ತಿಂಗಳ ಕೊನೆಯಲ್ಲಿ ಮೊದಲ ಆದ್ಯತೆ’ ಅಂತ ಒಂದು ಕಡೆ ಬರೆದರೆ ಎಲ್ಲ ಯಂತ್ರಗಳೂ ತಾವೇ ಓದಿಕೊಂಡು ಹಾಗೆ ನಡೆದುಕೊಳ್ಳಲಿ. ಇದು ಅವರ ಆಸೆ. 1998ರಲ್ಲಿ ಈ ಕೆಲಸವನ್ನು ಡಿಎಂಟಿಎಫ್ ಅನ್ನುವ ಮಾನಕ ಸಂಸ್ಥೆಗೆ ಒಪ್ಪಿಸಿದರು.

ಆ ಕನಸು ಪೂರ್ತಿ ಕೈಗೂಡಲಿಲ್ಲ. ಯಾಕೆ ಅನ್ನುವುದು ನಿಮಗೆ ಗೊತ್ತಿರಬೇಕು, ಯಾಕೆಂದರೆ ಅದೇ ತಪ್ಪನ್ನು ಈಗಲೂ ಜನ ಮಾಡುತ್ತಾರೆ. ಓದುವುದು ಜಾಸ್ತಿ, ಬರೆಯುವುದು ಕಡಿಮೆ ಅಂದೆನಲ್ಲ, ಅಲ್ಲೇ ಇದೆ ಕಾರಣ. ಒಂದು ಸ್ವಿಚ್ಚಿನ ಸ್ಥಿತಿ ಕ್ಷಣಕ್ಷಣಕ್ಕೂ ಬದಲಾಗುತ್ತೆ. ಯಾವ ಪೋರ್ಟ್ ಎದ್ದಿದೆ, ಎಷ್ಟು ದಟ್ಟಣೆ ಇದೆ ಅನ್ನುವುದನ್ನೆಲ್ಲ ಡೈರೆಕ್ಟರಿಗೆ ಬರೆಯಲು ಹೋದರೆ ಅದು ಉಸಿರುಗಟ್ಟುತ್ತದೆ. ಒಂದು ಪ್ರತಿಯಲ್ಲಿ ಬರೆದದ್ದು ಇನ್ನೊಂದು ಪ್ರತಿಗೆ ಹೋಗುವಷ್ಟರಲ್ಲಿ ಸುದ್ದಿ ಹಳಸಿರುತ್ತದೆ. ಜೊತೆಗೆ ಒಂದೊಂದು ಕಂಪನಿಯೂ ತನ್ನ ಯಂತ್ರವನ್ನು ತನ್ನದೇ ಮಾತಿನಲ್ಲಿ ವಿವರಿಸುತ್ತಿತ್ತು. ಆದರೆ ಆ ಕನಸಿನ ಅರ್ಧ ಭಾಗ ಬದುಕಿತು, ಅದೂ ಗಟ್ಟಿಯಾಗಿ. ಯಾರು ಯಾರು, ಯಾರಿಗೆ ಏನು ಸಲ್ಲಬೇಕು ಅನ್ನುವ ನಿಧಾನಕ್ಕೆ ಬದಲಾಗುವ ಮಾಹಿತಿ ಡೈರೆಕ್ಟರಿಯಲ್ಲಿ ಉಳಿಯಿತು. ಈ ಕ್ಷಣಕ್ಕೆ ಏನು ಮಾಡಬೇಕು ಅನ್ನುವ ತೀರ್ಮಾನ ಅದರ ಪಕ್ಕದ ಸರ್ವರ್‌ಗೆ ಹೋಯಿತು. ಇವತ್ತು ಯಾವ ಕಂಪನಿ ಬಂದು ‘ಐಡೆಂಟಿಟಿ’, ‘ಪಾಲಿಸಿ’, ‘ಇಂಟೆಂಟ್’ ಅಂತ ಹೇಳಿದರೂ ಒಳಗಿರುವುದು ಇದೇ ಏರ್ಪಾಡು.

ಈಗ ನಿಮ್ಮ ಕಾಲೇಜಿಗೆ ಬರೋಣ. ಫಿಸಿಕ್ಸ್ ಮೇಡಂ ಒಬ್ಬರು ಎರಡನೇ ಕಟ್ಟಡದ ಕೊಠಡಿಗೆ ಬಂದು ಲ್ಯಾಪ್‌ಟಾಪಿಗೆ ಕೇಬಲ್ ಚುಚ್ಚುತ್ತಾರೆ ಅಂದುಕೊಳ್ಳಿ. ಇವತ್ತು ಏನಾಗುತ್ತೆ? ಅವರು ನಿಮಗೆ ಫೋನ್ ಮಾಡುತ್ತಾರೆ. ನೀವು ಹೋಗಿ ಪೋರ್ಟ್ ಬದಲಿಸುತ್ತೀರಿ. ಡೈರೆಕ್ಟರಿ ಇದ್ದರೆ ಏನಾಗುತ್ತೆ ನೋಡಿ.

ಕೇಬಲ್ ಚುಚ್ಚಿದ ಕ್ಷಣ ಪೋರ್ಟ್ ಮುಚ್ಚೇ ಇರುತ್ತದೆ. ಐಪಿ ವಿಳಾಸವೂ ಸಿಗುವುದಿಲ್ಲ. ಒಂದೇ ಒಂದು ರೀತಿಯ ಮಾತಿಗೆ ಮಾತ್ರ ಅಲ್ಲಿ ಜಾಗ: ‘ನೀವು ಯಾರು?’ ಅಂತ ಸ್ವಿಚ್ ಕೇಳುತ್ತದೆ, ಲ್ಯಾಪ್‌ಟಾಪ್ ಉತ್ತರ ಕೊಡುತ್ತದೆ. 2001ರಲ್ಲಿ ಬಂದ 802.1ಎಕ್ಸ್ ಅನ್ನುವ ಮಾನಕ ಇದು. ಸ್ವಿಚ್ ಆ ಉತ್ತರವನ್ನು ತಾನು ಪರೀಕ್ಷಿಸುವುದಿಲ್ಲ. ಲಕೋಟೆಗೆ ಹಾಕಿ ರೇಡಿಯಸ್ ಸರ್ವರ್‌ನ 1812ನೇ ಪೋರ್ಟಿಗೆ ಕಳಿಸುತ್ತದೆ, ಅಷ್ಟೇ. ರೇಡಿಯಸ್ ಅದನ್ನು ಬಿಚ್ಚಿ, ಇವರ ಗುರುತು ನಿಜವೋ ಸುಳ್ಳೋ ಅಂತ ನೋಡುತ್ತದೆ. ನಿಜ ಅಂತಾದರೆ ಡೈರೆಕ್ಟರಿಯನ್ನು ಕೇಳುತ್ತದೆ: ಇವರು ಯಾವ ಗುಂಪಿನವರು? ‘ಬೋಧಕರು’ ಅಂತ ಉತ್ತರ ಬರುತ್ತದೆ. ಬೋಧಕರಿಗೆ 20ನೇ ವಿಲ್ಯಾನ್ ಅನ್ನುವ ನಿಯಮ ರೇಡಿಯಸ್‌ನಲ್ಲಿ ಒಂದು ಸಾಲು. ಅದು ಸ್ವಿಚ್‌ಗೆ ವಾಪಸ್ ಹೇಳುತ್ತದೆ: ಒಪ್ಪಿಗೆ, ಮಾಧ್ಯಮ 6, ಬಗೆ 13, ವಿಲ್ಯಾನ್ 20. ಈ 6 ಅಂದರೆ ಈಥರ್‌ನೆಟ್ ಕುಟುಂಬ, 13 ಅಂದರೆ ವಿಲ್ಯಾನ್. ಈ ಮೂರರಲ್ಲಿ ಒಂದನ್ನು ಬಿಟ್ಟರೂ ಎಷ್ಟೋ ಸ್ವಿಚ್‌ಗಳು ಸುಮ್ನೆ ಹಳೇ ವಿಲ್ಯಾನ್‌ನಲ್ಲೇ ಕೂರಿಸುತ್ತವೆ, ತಪ್ಪು ಅಂತ ಹೇಳುವುದೂ ಇಲ್ಲ. ಮೂರೂ ಸರಿಯಿದ್ದರೆ ಪೋರ್ಟ್ ತೆರೆಯುತ್ತದೆ. ಮೇಡಂ ಕುರ್ಚಿ ಎಳೆದು ಕೂರುವಷ್ಟರಲ್ಲಿ ಇಷ್ಟೂ ಮುಗಿದಿರುತ್ತದೆ.

ಅದೇ ಪೋರ್ಟಿಗೆ ಸಂಜೆ ಒಬ್ಬ ವಿದ್ಯಾರ್ಥಿ ಕೇಬಲ್ ಚುಚ್ಚಿದರೆ 30ನೇ ವಿಲ್ಯಾನ್. ಪೋರ್ಟ್ ಅದೇ, ಕೇಬಲ್ ಅದೇ, ಸ್ವಿಚ್ಚಿನಲ್ಲಿ ಯಾರೂ ಏನೂ ಮುಟ್ಟಿಲ್ಲ. ನೆಟ್‌ವರ್ಕ್‌ನ ಬುದ್ಧಿ ಅಂದರೆ ಇದು. ಮತ್ತು ಆ ಬುದ್ಧಿ ಇರುವುದು ‘ಬೋಧಕರು’ ಅನ್ನುವ ಆ ಒಂದು ಪದ ನಿಜವಾಗಿರುವುದರಲ್ಲಿ.

ಇಲ್ಲೇ ಎಲ್ಲರೂ ಎಡವುವುದು. ನಮ್ಮ ಹಳ್ಳಿಗಳಲ್ಲಿ ಪೌತಿ ಖಾತೆ ಅಂದರೆ ಏನು ಪಾಡು ಅಂತ ನಿಮಗೆ ಗೊತ್ತು. ಅಜ್ಜ ತೀರಿಹೋಗಿ ಇಪ್ಪತ್ತು ವರ್ಷ ಆಗಿರುತ್ತೆ, ಪಹಣಿಯಲ್ಲಿ ಹೆಸರು ಅಜ್ಜನದ್ದೇ. ‘ಭೂಮಿ’ ಯೋಜನೆಯಲ್ಲಿ ಪಹಣಿ ಕಂಪ್ಯೂಟರಿಗೆ ಬಂತು, ಆದರೆ ಕಂಪ್ಯೂಟರಿಗೆ ಬಂದ ಮಾತ್ರಕ್ಕೆ ಅಜ್ಜನ ಹೆಸರು ತಾನಾಗಿ ಬದಲಾಗಲಿಲ್ಲ. ಮನೆಯವರು ಅರ್ಜಿ ಕೊಡಬೇಕು, ಮ್ಯುಟೇಶನ್ ಆಗಬೇಕು. ಡೈರೆಕ್ಟರಿಯಲ್ಲೂ ಹಾಗೇ. ಸೇರಿದವರನ್ನು ಸೇರಿಸುವುದು ಯಾರೂ ಮರೆಯುವುದಿಲ್ಲ, ಯಾಕೆಂದರೆ ಸೇರಿದವರು ಬಂದು ಕೇಳುತ್ತಾರೆ. ಬಿಟ್ಟು ಹೋದವರು ಬಂದು ‘ನನ್ನ ಅಕೌಂಟ್ ತೆಗೆಯಿರಿ’ ಅಂತ ಕೇಳುವುದಿಲ್ಲ.

ಮೈಸೂರಿನ ಒಂದು ಕಾರ್ಖಾನೆಯಲ್ಲಿ ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ಸ್ಟೋರ್ಸ್‌ನಲ್ಲಿದ್ದ ಒಬ್ಬರು ಕೆಲಸ ಬಿಟ್ಟು ಒಂದೂವರೆ ವರ್ಷ ಆಗಿತ್ತು. ಅವರ ಲಾಗಿನ್ ಮಾತ್ರ ದಿನಾ ಬೆಳಿಗ್ಗೆ ಒಂಬತ್ತಕ್ಕೆ ಚಾಲೂ ಆಗುತ್ತಿತ್ತು. ಹುಡುಕಿದರೆ ವಿಷಯ ಇಷ್ಟು: ಅವರ ಜಾಗಕ್ಕೆ ಬಂದ ಹುಡುಗನಿಗೆ ಹೊಸ ಅಕೌಂಟ್ ಕೊಡುವ ಬದಲು ‘ಸದ್ಯಕ್ಕೆ ಇದನ್ನೇ ಬಳಸು’ ಅಂತ ಹಳೇ ಪಾಸ್‌ವರ್ಡ್ ಕೊಟ್ಟಿದ್ದರು. ಹುಡುಗನ ತಪ್ಪೇನೂ ಇಲ್ಲ. ಒಂದು ದಿನ ಸ್ಟಾಕ್ ಲೆಕ್ಕದಲ್ಲಿ ವ್ಯತ್ಯಾಸ ಬಂತು, ಕಡತದಲ್ಲಿ ಕೆಲಸ ಬಿಟ್ಟವರ ಹೆಸರು ಕಾಣಿಸಿತು. ಮೈಸೂರು ಬಿಟ್ಟು ಹೋಗಿ ಬೇರೆ ಊರಿನಲ್ಲಿ ನೆಮ್ಮದಿಯಾಗಿದ್ದ ಆ ಮನುಷ್ಯನಿಗೆ ಫೋನ್ ಹೋಯಿತು. ಅವರ ದನಿಯಲ್ಲಿದ್ದ ಗಾಬರಿ ನನಗೆ ಇನ್ನೂ ಕಿವಿಯಲ್ಲಿದೆ. ಯಾವ ಪೆಟ್ಟಿಗೆ ತಂದಿಟ್ಟರೂ ಇದನ್ನು ತಡೆಯುತ್ತಿರಲಿಲ್ಲ. ಬಿಟ್ಟ ದಿನವೇ ಒಂದು ಅಕೌಂಟನ್ನು ನಿಲ್ಲಿಸಿದ್ದರೆ ತಡೆಯಬಹುದಿತ್ತು.

ಆದ್ದರಿಂದ ನಿಮ್ಮ ಮೊದಲ ಕೆಲಸ ಸರ್ವರ್ ಅಲ್ಲ. ಕಾಲೇಜಿನ ಆಫೀಸಿಗೆ ಹೋಗಿ. ಪ್ರವೇಶದ ರಿಜಿಸ್ಟರ್ ಬರೆಯುವವರ ಜೊತೆ, ಸಂಬಳದ ಬಿಲ್ ಮಾಡುವವರ ಜೊತೆ ಕೂತುಕೊಳ್ಳಿ. ಕಾಲೇಜಿನಲ್ಲಿ ಯಾರಿದ್ದಾರೆ ಅನ್ನುವುದು ನಿಜವಾಗಿ ಗೊತ್ತಿರುವುದು ಈ ಇಬ್ಬರಿಗೇ. ವಿದ್ಯಾರ್ಥಿಗಳ ಪಟ್ಟಿ ಪ್ರವೇಶದಿಂದ ಬರಲಿ, ಸಿಬ್ಬಂದಿ ಪಟ್ಟಿ ಸಂಬಳದಿಂದ ಬರಲಿ. ಟಿ.ಸಿ. ಕೊಟ್ಟ ದಿನ, ನಿವೃತ್ತಿ ಆದ ದಿನ ನಿಮಗೆ ಒಂದು ಸುದ್ದಿ ಬರುವ ಹಾಗೆ ಮಾಡಿ. ಟಿ.ಸಿ.ಗೆ ಮೊದಲು ಲೈಬ್ರರಿಯಿಂದ ‘ಬಾಕಿ ಇಲ್ಲ’ ಅಂತ ಸಹಿ ಹಾಕಿಸುತ್ತಾರಲ್ಲ, ಆ ಹಾಳೆಯಲ್ಲೇ ನಿಮ್ಮ ಸಹಿಗೂ ಒಂದು ಸಾಲು ಕೇಳಿ. ದುಡ್ಡು ಖರ್ಚಿಲ್ಲದ ಈ ಒಂದು ಸಾಲಿಗಾಗಿ ಪ್ರಿನ್ಸಿಪಾಲರ ಹತ್ತಿರ ಹಠ ಹಿಡಿಯಿರಿ.

ಹೆಸರಿನ ವಿಷಯ ಬೇರೆಯೇ ಒಂದು ಕಥೆ. ನಿಮ್ಮಲ್ಲಿ ಎಷ್ಟು ಜನ ಮಂಜುನಾಥ ಇದ್ದಾರೆ, ಎಷ್ಟು ಜನ ಚೈತ್ರ ಇದ್ದಾರೆ ಎಣಿಸಿ ನೋಡಿ. ಇಂಗ್ಲಿಷಿನಲ್ಲಿ ಬರೆಯುವಾಗ ಒಬ್ಬ ಮಂಜುನಾಥನ ಕೊನೆಗೆ ‘ಎ’ ಇರುತ್ತೆ, ಇನ್ನೊಬ್ಬನಿಗೆ ಇರುವುದಿಲ್ಲ. ಇನಿಶಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ. ಹೆಸರಿನಿಂದ ಲಾಗಿನ್ ಮಾಡಲು ಹೋದರೆ ಎರಡನೇ ವಾರಕ್ಕೇ ಸಿಕ್ಕು ಬೀಳುತ್ತೆ. ಪ್ರವೇಶ ಸಂಖ್ಯೆಯನ್ನೇ ಲಾಗಿನ್ ಮಾಡಿ, ಆ ಸಂಖ್ಯೆಯನ್ನು ಮುಂದೆಂದೂ ಇನ್ನೊಬ್ಬರಿಗೆ ಕೊಡಬೇಡಿ. ತರಗತಿಯ ರೋಲ್ ನಂಬರ್ ಬೇಡ, ಅದು ವರ್ಷ ವರ್ಷ ಬೇರೆಯವರಿಗೆ ಹೋಗುತ್ತದೆ. ಎಲ್‌ಡ್ಯಾಪ್‌ನ ಮೂರನೇ ಆವೃತ್ತಿ ಯೂನಿಕೋಡ್ ಬಲ್ಲದು. ಹಾಗಾಗಿ ತೋರಿಸುವ ಹೆಸರನ್ನು ಕನ್ನಡದಲ್ಲೇ ಇಡಬಹುದು. ನನಗಂತೂ ಲ್ಯಾಬಿನ ಪರದೆ ಮೇಲೆ ಮಕ್ಕಳ ಹೆಸರು ಕನ್ನಡದಲ್ಲಿ ಬಂದರೆ ತುಂಬಾ ಸಂತೋಷ.

ಮರವನ್ನು ಹೇಗೆ ಕಟ್ಟಬೇಕು? ವಿಭಾಗಕ್ಕೊಂದು ಕೊಂಬೆ, ಅದರೊಳಗೆ ವರ್ಷಕ್ಕೊಂದು ಕೊಂಬೆ ಅಂತ ಶುರು ಮಾಡಬೇಡಿ. ನೋಡಲು ಚೆಂದ, ಆದರೆ ಪ್ರತಿ ಜೂನ್-ಜುಲೈಯಲ್ಲಿ ಎಲ್ಲರನ್ನೂ ಎತ್ತಿ ಇನ್ನೊಂದು ಕೊಂಬೆಗೆ ಹಾಕಬೇಕಾಗುತ್ತದೆ. ಸಿಬ್ಬಂದಿಗೆ ಒಂದು, ವಿದ್ಯಾರ್ಥಿಗಳಿಗೆ ಒಂದು, ಕಂಪ್ಯೂಟರಿಗೆ ಒಂದು ಕೊಂಬೆ ಸಾಕು. ಉಳಿದದ್ದೆಲ್ಲ ಗುಂಪುಗಳಿಂದ ಮಾಡಿ. ಒಬ್ಬರು ಒಂದೇ ಕೊಂಬೆಯಲ್ಲಿ ಇರಬಹುದು, ಆದರೆ ಹತ್ತು ಗುಂಪಿನಲ್ಲಿ ಇರಬಹುದು. ಫಿಸಿಕ್ಸ್ ಮೇಡಂ ಬೋಧಕರೂ ಹೌದು, ಪರೀಕ್ಷಾ ಸಮಿತಿಯೂ ಹೌದು, ಎನ್‌ಎಸ್‌ಎಸ್ ಅಧಿಕಾರಿಯೂ ಹೌದು.

ಯಾವ ಸಾಫ್ಟ್‌ವೇರ್? ಕಂಪ್ಯೂಟರ್‌ಗಳಲ್ಲಿ ವಿಂಡೋಸ್ ಜಾಸ್ತಿ ಇದ್ದು, ಸರ್ವರ್ ಲೈಸೆನ್ಸ್ ಈಗಾಗಲೇ ಇದ್ದರೆ ಆಕ್ಟಿವ್ ಡೈರೆಕ್ಟರಿ ಹಾಕಿ. ಲೈಸೆನ್ಸ್ ಇಲ್ಲದಿದ್ದರೆ ಲಿನಕ್ಸ್ ಮೇಲೆ ಸಾಂಬಾ. 2012ರ ಡಿಸೆಂಬರ್‌ನಲ್ಲಿ ಬಂದ ಸಾಂಬಾ 4ರಿಂದ ಅದೇ ಆಕ್ಟಿವ್ ಡೈರೆಕ್ಟರಿಯ ಕೆಲಸ ಮಾಡುತ್ತದೆ, ವಿಂಡೋಸ್ ಕಂಪ್ಯೂಟರ್‌ಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಲ್ಯಾಬ್‌ಗಳೆಲ್ಲ ಲಿನಕ್ಸ್ ಆಗಿದ್ದರೆ ಫ್ರೀಐಪಿಎ ಅನ್ನುವ ಡೈರೆಕ್ಟರಿ ಚೆನ್ನಾಗಿದೆ. ರೇಡಿಯಸ್‌ಗೆ ಫ್ರೀರೇಡಿಯಸ್, ಅದಕ್ಕೆ ದುಡ್ಡಿಲ್ಲ. ಕಾಲೇಜಿನ ಇಮೇಲ್ ಕ್ಲೌಡ್‌ನಲ್ಲಿದೆ, ಆ ಅಕೌಂಟೇ ಸಾಲದಾ ಅಂತ ನೀವು ಕೇಳಬಹುದು. ಮೈಕ್ರೋಸಾಫ್ಟಿನ ಕ್ಲೌಡ್ ಡೈರೆಕ್ಟರಿ ಎಂಟ್ರಾ ಐಡಿ ಒಂದೇ ಇದ್ದರೆ ಅದು ನೇರವಾಗಿ ಎಲ್‌ಡ್ಯಾಪ್ ಮಾತನ್ನೂ ಆಡುವುದಿಲ್ಲ, ರೇಡಿಯಸ್ ಮಾತನ್ನೂ ಆಡುವುದಿಲ್ಲ. ಮೇಲಾಗಿ ಇಂಟರ್‌ನೆಟ್ ಹೋದ ದಿನ ಲ್ಯಾಬ್ ಪರೀಕ್ಷೆ ನಿಲ್ಲಬಾರದು. ಪಹಣಿಯ ಒಂದು ಪ್ರತಿ ನಿಮ್ಮ ಕಾಂಪೌಂಡಿನ ಒಳಗಿರಲಿ.

ಒಂದಲ್ಲ, ಎರಡು ಪ್ರತಿ ಇರಲಿ. ಎರಡು ಸರ್ವರ್, ಎರಡು ಬೇರೆ ಕಟ್ಟಡ, ಎರಡು ಬೇರೆ ಯುಪಿಎಸ್. ಭಾರೀ ಯಂತ್ರ ಬೇಡ. ನಿಮ್ಮ ಲೆಕ್ಕಕ್ಕೆ 16 ಜಿಬಿ ಮೆಮೊರಿ ಇರುವ ಸಾಧಾರಣ ಯಂತ್ರ ಧಾರಾಳ. ಡೊಮೇನ್‌ಗೆ, ಅಂದರೆ ಮರದ ಬುಡಕ್ಕೆ, ‘.ಲೋಕಲ್’ ಅಂತ ಕೊನೆಯಾಗುವ ಹೆಸರು ಇಡಬೇಡಿ, ಫೋನು ಮತ್ತು ಪ್ರಿಂಟರ್‌ಗಳು ಒಂದನ್ನೊಂದು ಹುಡುಕಲು ಆ ಹೆಸರನ್ನು ಬಳಸುತ್ತವೆ, ಜಗಳ ಬರುತ್ತದೆ. ಕಾಲೇಜಿನ ವೆಬ್ ವಿಳಾಸದ ಕೆಳಗೇ ಒಂದು ಉಪ ಹೆಸರು ಮಾಡಿ.

ಇನ್ನು ನಾನು ಹೋದಲ್ಲೆಲ್ಲ ಕಾಣುವ ಒಂದು ತಪ್ಪು. ಕಂಪ್ಯೂಟರ್‌ಗಳಲ್ಲಿ ಡಿಎನ್‌ಎಸ್ (ಹೆಸರು ಕೊಟ್ಟರೆ ವಿಳಾಸ ಹೇಳುವ ಸರ್ವರ್) ಜಾಗಕ್ಕೆ ಗೂಗಲ್‌ನ 8.8.8.8 ಅಂತ ಹಾಕಿರುತ್ತಾರೆ. ಡೈರೆಕ್ಟರಿ ಎಲ್ಲಿದೆ ಅಂತ ಕಂಪ್ಯೂಟರ್ ಹುಡುಕುವುದೇ ಡಿಎನ್‌ಎಸ್ ಮೂಲಕ. ನಿಮ್ಮ ಡೈರೆಕ್ಟರಿ ಎಲ್ಲಿದೆ ಅಂತ ಗೂಗಲ್‌ಗೆ ಏನು ಗೊತ್ತು? ಎರಡನೇ ಡಿಎನ್‌ಎಸ್ ಆಗಿ ಕೂಡ ಅದನ್ನು ಹಾಕಬೇಡಿ. ಒಂದು ದಿನ ಲಾಗಿನ್ ಆಗುತ್ತೆ, ಇನ್ನೊಂದು ದಿನ ಆಗುವುದಿಲ್ಲ, ಕಾರಣ ಹುಡುಕಿ ಹುಡುಕಿ ಸಾಕಾಗುತ್ತೆ. ಎರಡೂ ಜಾಗದಲ್ಲಿ ನಿಮ್ಮ ಎರಡು ಸರ್ವರ್‌ಗಳೇ ಇರಲಿ. ಹೊರಗಿನ ಹೆಸರುಗಳನ್ನು ಅವು ಕೇಳಿ ತಂದುಕೊಡುತ್ತವೆ.

ಗಡಿಯಾರವೂ ಅಷ್ಟೇ ಮುಖ್ಯ. ಆಕ್ಟಿವ್ ಡೈರೆಕ್ಟರಿ, ಸಾಂಬಾ, ಫ್ರೀಐಪಿಎ ಮೂರರಲ್ಲೂ ಗುರುತು ಪರೀಕ್ಷಿಸುವುದು ಕೆರ್ಬೆರಾಸ್. ಅಮೆರಿಕದ ಎಂಐಟಿಯಲ್ಲಿ 1980ರ ದಶಕದಲ್ಲಿ ಹುಟ್ಟಿದ ವ್ಯವಸ್ಥೆ ಇದು. ಪಾಸ್‌ವರ್ಡನ್ನು ನೆಟ್‌ವರ್ಕ್ ಮೇಲೆ ಕಳಿಸದೆ, ಸಮಯ ಬರೆದ ಚೀಟಿ ಕೊಟ್ಟು ಕೆಲಸ ನಡೆಸುತ್ತದೆ. ಎರಡು ಗಡಿಯಾರಗಳ ನಡುವೆ 5 ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಸಾಮಾನ್ಯವಾಗಿ ಚೀಟಿ ಒಪ್ಪುವುದಿಲ್ಲ. ಒಂದು ಸೋಮವಾರ ಬೆಳಿಗ್ಗೆ ನನಗೆ ಒಂದು ಆಫೀಸಿನಿಂದ ಕರೆ ಬಂತು, ಯಾರಿಗೂ ಲಾಗಿನ್ ಆಗುತ್ತಿಲ್ಲ ಅಂತ. ಭಾನುವಾರ ಇಡೀ ಕರೆಂಟ್ ಇರಲಿಲ್ಲ, ಯುಪಿಎಸ್ ಖಾಲಿಯಾಗಿ ಸರ್ವರ್ ಆರಿತ್ತು. ಅಲ್ಲಿದ್ದದ್ದು ಒಂದೇ ಸರ್ವರ್. ನಾನು ಮೊದಲು ಕೇಬಲ್ ನೋಡಿದೆ, ಆಮೇಲೆ ಡಿಎನ್‌ಎಸ್, ಆಮೇಲೆ ಡಿಸ್ಕ್. ಎರಡು ಗಂಟೆ ಹೋಯಿತು. ಕೊನೆಗೆ ಸರ್ವರ್ ಪರದೆಯ ಮೂಲೆಯಲ್ಲಿ ತಾರೀಕು ಕಣ್ಣಿಗೆ ಬಿತ್ತು. ಎಷ್ಟೋ ವರ್ಷ ಹಿಂದಕ್ಕೆ ಹೋಗಿತ್ತು. ಮದರ್‌ಬೋರ್ಡಿನ ಮೇಲೆ ಕೂರುವ ನಾಣ್ಯದಂಥ ಬ್ಯಾಟರಿ ಸತ್ತಿತ್ತು, ಅಷ್ಟೇ. ಅವತ್ತಿನಿಂದ ನಾನು ಮೊದಲು ಗಡಿಯಾರ ನೋಡುತ್ತೇನೆ. ನೀವು ಸರ್ವರ್‌ಗಳಿಗೆ ಎನ್‌ಟಿಪಿ (ನೆಟ್‌ವರ್ಕ್ ಮೂಲಕ ಗಡಿಯಾರ ಹೊಂದಿಸುವ ವ್ಯವಸ್ಥೆ) ಹಾಕಿ, ಕೇಂದ್ರ ಸರ್ಕಾರದ ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಹೊಂದಿಸಿ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನ ಕೂಡ ಇದನ್ನೇ ಹೇಳುತ್ತದೆ.

ವೈಫೈಗೆ ಬಂದಾಗ ಒಂದು ಗುಂಡಿ ಇದೆ, ಅದರಲ್ಲಿ ಬೀಳದವರು ಕಡಿಮೆ. ಗುರುತು ಹೇಳಲು ಫೋನುಗಳು ಸಾಮಾನ್ಯವಾಗಿ ಬಳಸುವ ವಿಧಾನ ಪೀಪ್, ಅದರೊಳಗೆ ಎಂಎಸ್-ಚಾಪ್ ಎರಡನೇ ಆವೃತ್ತಿ. ಇದರಲ್ಲಿ ಪಾಸ್‌ವರ್ಡ್ ಸರ್ವರ್‌ಗೆ ಬರುವುದೇ ಇಲ್ಲ, ಅದರಿಂದ ಲೆಕ್ಕ ಹಾಕಿದ ಒಂದು ಉತ್ತರ ಮಾತ್ರ ಬರುತ್ತದೆ. ಅದನ್ನು ತಾಳೆ ನೋಡಲು ಸರ್ವರ್ ಹತ್ತಿರ ಪಾಸ್‌ವರ್ಡ್ ಇರಬೇಕು, ಇಲ್ಲವೇ ವಿಂಡೋಸ್ ಬಗೆಯ ಎನ್‌ಟಿ ಹ್ಯಾಶ್ (ಪಾಸ್‌ವರ್ಡನ್ನು ಅರೆದು ಮಾಡಿದ, ವಾಪಸ್ ತಿರುಗಿಸಲಾಗದ ಗುರುತು) ಇರಬೇಕು. ಬರೀ ಓಪನ್‌ಎಲ್‌ಡ್ಯಾಪ್ ಅನ್ನುವ ಡೈರೆಕ್ಟರಿಯಲ್ಲಿ ಉಪ್ಪು (ಒಬ್ಬೊಬ್ಬರಿಗೂ ಬೇರೆ ಬೇರೆ ಅಕ್ಷರಗಳು) ಬೆರೆಸಿದ ಹ್ಯಾಶ್ ಇಟ್ಟಿದ್ದರೆ ಎಷ್ಟು ತಿಣುಕಿದರೂ ತಾಳೆ ಆಗುವುದಿಲ್ಲ. ಪಾಸ್‌ವರ್ಡ್ ಸರಿ ಇರುತ್ತದೆ, ‘ತಪ್ಪು’ ಅಂತ ಬರುತ್ತಲೇ ಇರುತ್ತದೆ. ಇದರ ಹಿಂದೆ ನಾನು ಎರಡು ರಾತ್ರಿ ಕಳೆದಿದ್ದೇನೆ. ಆಕ್ಟಿವ್ ಡೈರೆಕ್ಟರಿ ಅಥವಾ ಸಾಂಬಾ ಇದ್ದರೆ ಎನ್‌ಟಿ ಹ್ಯಾಶ್ ಇರುತ್ತದೆ, ಆದರೆ ಸಾಂಬಾದಲ್ಲಿ ಎಂಎಸ್-ಚಾಪ್‌ಗೆ ಅನುಮತಿ ಕೊಡುವ ಒಂದು ಸೆಟ್ಟಿಂಗನ್ನು ನೀವೇ ಹಾಕಬೇಕು. ಹಾಗೇ ಬಿಟ್ಟರೆ ಅದು ಬಿಡುವುದಿಲ್ಲ.

ಇದರ ಜೊತೆಗೇ ಸರ್ಟಿಫಿಕೇಟ್, ಅಂದರೆ ಯಂತ್ರದ ಡಿಜಿಟಲ್ ಗುರುತಿನ ಚೀಟಿಯ ವಿಷಯ. ನಿಮ್ಮ ಸರ್ವರ್ ಬಳಕೆದಾರರನ್ನು ‘ನೀವು ಯಾರು?’ ಅಂತ ಕೇಳುವ ಹಾಗೆ, ಫೋನ್ ಕೂಡ ಸರ್ವರನ್ನು ‘ನೀನು ಯಾರು?’ ಅಂತ ಕೇಳಬೇಕು. ಕೇಳದಿದ್ದರೆ ಗೇಟಿನ ಹೊರಗಿನ ಟೀ ಅಂಗಡಿಯಲ್ಲಿ ಯಾರಾದರೂ ನಿಮ್ಮ ಕಾಲೇಜಿನ ವೈಫೈ ಹೆಸರನ್ನೇ ಇಟ್ಟುಕೊಂಡು ಕೂತರೆ ಮಕ್ಕಳ ಫೋನ್‌ಗಳು ಅವನಿಗೇ ಗುರುತು ಒಪ್ಪಿಸುತ್ತವೆ. ‘ಪರಿಶೀಲಿಸಬೇಡ’ ಅನ್ನುವ ಆಯ್ಕೆಯನ್ನು ಹೊಸ ಆಂಡ್ರಾಯ್ಡ್ ಫೋನ್‌ಗಳಲ್ಲಿ ತೆಗೆದಿದ್ದಾರೆ, ಒಳ್ಳೆಯದೇ ಆಯಿತು. ಕಾಲೇಜಿನ ಸ್ವಂತ ಕಂಪ್ಯೂಟರ್‌ಗಳಿಗಂತೂ ಪಾಸ್‌ವರ್ಡ್ ಬಿಟ್ಟು ಸರ್ಟಿಫಿಕೇಟ್ ಕೊಡಿ. ಅವು ಡೈರೆಕ್ಟರಿಗೆ ಸೇರಿದ ಮೇಲೆ ಹಂಚುವುದು ಕಷ್ಟವಿಲ್ಲ.

ಸಿಸಿಟಿವಿ, ಪ್ರಿಂಟರ್, ಹಾಜರಾತಿಯ ಬೆರಳಚ್ಚು ಯಂತ್ರ ಇವಕ್ಕೆ 802.1ಎಕ್ಸ್ ಬರುವುದು ಕಡಿಮೆ. ಅವನ್ನು ಮ್ಯಾಕ್ ವಿಳಾಸದಿಂದ (ಒಂದೊಂದು ಯಂತ್ರದ ನೆಟ್‌ವರ್ಕ್ ಕಾರ್ಡಿನ ನಂಬರ್) ಗುರುತಿಸಿ, ಇಂಟರ್‌ನೆಟ್ ಇಲ್ಲದ ಒಂದು ವಿಲ್ಯಾನ್‌ನಲ್ಲಿ ಕೂರಿಸಿ. ಮ್ಯಾಕ್ ವಿಳಾಸವನ್ನು ಯಾರು ಬೇಕಾದರೂ ನಕಲು ಮಾಡಬಹುದು, ಆದ್ದರಿಂದ ಅಲ್ಲಿ ನಂಬಿಕೆ ಕಡಿಮೆ ಇರಲಿ. ಜನರ ಫೋನುಗಳನ್ನು ಮ್ಯಾಕ್‌ನಿಂದ ಹಿಡಿಯುವ ಯೋಚನೆ ಇದ್ದರೆ ಬಿಟ್ಟುಬಿಡಿ. ಆಂಡ್ರಾಯ್ಡ್ 10, ಐಒಎಸ್ 14ರಿಂದ ಈಚೆಗೆ ಫೋನುಗಳು ಒಂದೊಂದು ವೈಫೈಗೂ ಬೇರೆ ಬೇರೆ ಮ್ಯಾಕ್ ತೋರಿಸುತ್ತವೆ.

ಗುಂಪಿನ ನಿಜವಾದ ಶಕ್ತಿ ನಿಮಗೆ ಕಾಣುವುದು ಇಂಟರ್ನಲ್ ಪರೀಕ್ಷೆ ದಿನ. ಆ ಬ್ಯಾಚಿನ 60 ಮಕ್ಕಳನ್ನು ‘ಪರೀಕ್ಷೆ’ ಅನ್ನುವ ಗುಂಪಿಗೆ ಸೇರಿಸಿ. ಆ ಗುಂಪಿಗೆ ಪರೀಕ್ಷಾ ಸರ್ವರ್ ಒಂದು ಬಿಟ್ಟು ಬೇರೇನೂ ಕಾಣದ ವಿಲ್ಯಾನ್. ಒಂದು ಎಚ್ಚರ: ಈಗಾಗಲೇ ಒಳಗಿರುವವರಿಗೆ ಗುಂಪು ಬದಲಾಗಿದ್ದು ತಿಳಿಯುವುದಿಲ್ಲ, ಮತ್ತೆ ಗುರುತು ಹೇಳುವವರೆಗೆ ಹಳೇ ವಿಲ್ಯಾನ್‌ನಲ್ಲೇ ಇರುತ್ತಾರೆ. ರೇಡಿಯಸ್‌ನಿಂದ ಸ್ವಿಚ್‌ಗೆ ‘ಇವರನ್ನು ಮತ್ತೆ ಕೇಳು’ ಅಂತ ಹೇಳುವ ವ್ಯವಸ್ಥೆ ಇದೆ, ಅದನ್ನು ಸಿಒಎ ಅನ್ನುತ್ತಾರೆ, 3799ನೇ ಪೋರ್ಟು. ಸ್ವಿಚ್ ಕೊಳ್ಳುವಾಗ ಇದು ಇದೆಯಾ ಅಂತ ಕೇಳಿ. ನಿಮ್ಮ ಕೊಟೇಶನ್‌ನಲ್ಲಿ ನಾನು ಹುಡುಕುವುದು ಮೂರೇ ವಿಷಯ: 802.1ಎಕ್ಸ್, ರೇಡಿಯಸ್ ಹೇಳಿದ ವಿಲ್ಯಾನ್‌ಗೆ ಹಾಕುವುದು, ಸಿಒಎ. ಈಗಿರುವ ಸ್ವಿಚ್‌ಗಳಲ್ಲೇ ಮೊದಲ ಎರಡು ಇರುವ ಸಾಧ್ಯತೆ ಜಾಸ್ತಿ. ಮ್ಯಾನೇಜ್ಡ್ (ಸೆಟ್ಟಿಂಗ್ ಬದಲಿಸಲು ಬರುವ) ಸ್ವಿಚ್ ಆಗಿದ್ದರೆ ಮೆನು ತೆರೆದು ನೋಡಿ.

ಡೈರೆಕ್ಟರಿಯಲ್ಲಿ ಏನು ಬರೆಯಬಾರದು ಅನ್ನುವುದನ್ನೂ ಹೇಳಿಬಿಡುತ್ತೇನೆ. ಆಧಾರ್ ಸಂಖ್ಯೆ, ಜಾತಿ, ಹುಡುಗಿಯರ ಫೋನ್ ನಂಬರ್, ಮನೆ ವಿಳಾಸ ಯಾವುದೂ ಬೇಡ. ಆಕ್ಟಿವ್ ಡೈರೆಕ್ಟರಿಯಲ್ಲಿ ಲಾಗಿನ್ ಆದ ಯಾರು ಬೇಕಾದರೂ ಇತರರ ದಾಖಲೆಯ ಬಹುಪಾಲು ಓದಬಹುದು, ಅದು ಹುಟ್ಟಿನಿಂದಲೇ ಹಾಗೆ. ಜಾಗ ಖಾಲಿ ಇದೆ ಅಂತ ತುಂಬಿಸಬೇಡಿ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣಾ ಕಾಯ್ದೆ ಬಂದ ಮೇಲೆ ಇದು ಕಾನೂನಿನ ಮಾತು ಕೂಡ. ಆದರೆ ಯಾರು ಯಾವಾಗ ಒಳಗೆ ಬಂದರು ಅನ್ನುವ ರೇಡಿಯಸ್ ಲಾಗ್ ಮಾತ್ರ ಜೋಪಾನವಾಗಿ ಇಡಿ. ಆ ಸರ್ಟ್-ಇನ್ ನಿರ್ದೇಶನದ ಪ್ರಕಾರ 180 ದಿನದ ಲಾಗ್ ಇರಬೇಕು. ನಾಳೆ ಸೈಬರ್ ಪೊಲೀಸರಿಂದ ಪತ್ರ ಬಂದರೆ, ಒಂದೇ ಪಾಸ್‌ವರ್ಡ್ ಇರುವ ಈಗಿನ ಸ್ಥಿತಿಯಲ್ಲಿ ನೀವು ಯಾರ ಹೆಸರು ಹೇಳುತ್ತೀರಿ?

ಕೆಲಸದ ಕ್ರಮ ಹೀಗಿರಲಿ ಅಂತ ನನ್ನ ಸಲಹೆ. ಮೊದಲ ತಿಂಗಳು ಬರೀ ಪಟ್ಟಿ. ಆಮೇಲೆ ಎರಡು ಸರ್ವರ್ ಹಾಕಿ, ಒಂದು ಲ್ಯಾಬನ್ನು ಮಾತ್ರ ಸೇರಿಸಿ, ಹದಿನೈದು ದಿನ ನೋಡಿ. ಒಂದು ಸರ್ವರನ್ನು ಬೇಕೆಂದೇ ಆಫ್ ಮಾಡಿ, ಲ್ಯಾಬ್ ನಡೆಯುತ್ತಾ ಅಂತ ಪರೀಕ್ಷಿಸಿ. ಬ್ಯಾಕಪ್‌ನಿಂದ ಒಂದು ಸಲ ಬೇರೆ ಯಂತ್ರದ ಮೇಲೆ ಎಬ್ಬಿಸಿ ನೋಡಿ. ಉಳಿದ ಲ್ಯಾಬ್ ಸೇರಿಸಿದ ಮೇಲೆ ಸಿಬ್ಬಂದಿಯ ವೈಫೈ, ಆಮೇಲೆ ವಿದ್ಯಾರ್ಥಿಗಳ ವೈಫೈ. ಗೋಡೆಯ ಪೋರ್ಟುಗಳು ಕೊನೆಗೆ, ಒಂದೊಂದೇ ಮಹಡಿ. ರೇಡಿಯಸ್ ಉತ್ತರ ಕೊಡದಿದ್ದರೆ ಪೋರ್ಟ್ ಏನು ಮಾಡಬೇಕು ಅಂತ ಸ್ವಿಚ್‌ನಲ್ಲಿ ಮೊದಲೇ ಬರೆದಿಡಿ. ಇಂಟರ್‌ನೆಟ್ ಮಾತ್ರ ಸಿಗುವ ಒಂದು ವಿಲ್ಯಾನ್‌ಗೆ ಹೋಗಲಿ.

ಹಳೇ ವೈಫೈ ಹೆಸರನ್ನು ಒಂದೇ ದಿನಕ್ಕೆ ನಿಲ್ಲಿಸಬೇಡಿ, ಎರಡು ವಾರ ಜೊತೆಗೆ ಓಡಲಿ. ಆ ಎರಡು ವಾರ ಯಾರು ಹಳೆಯದರಲ್ಲೇ ಉಳಿದಿದ್ದಾರೆ ಅಂತ ದಿನಾ ನೋಡಿ, ಹೋಗಿ ಕೇಳಿ. ಬಹಳಷ್ಟು ಸಲ ಅದು ಯಾರೋ ಮನುಷ್ಯರಲ್ಲ, ಸ್ಟಾಫ್ ರೂಮಿನ ಮೂಲೆಯಲ್ಲಿ ಎಲ್ಲರೂ ಮರೆತ ಪ್ರಿಂಟರ್ ಆಗಿರುತ್ತದೆ. ಅದನ್ನು ಸರಿಯಾದ ವಿಲ್ಯಾನ್‌ಗೆ ಹಾಕಿ, ಆಮೇಲೆ ಹಳೇ ಹೆಸರನ್ನು ಅಳಿಸಿ.